ಹೊಲಿದಿಟ್ಟ ಉತ್ತರಗಳು

ನಿಯಾಜನ ಮಗಳು ಶಿಫಾ ನಡೆಯಲು ಕಲಿತದ್ದು ನನ್ನ ಜಗಲಿಯಲ್ಲಿ, ಖಾಲಿ ಗೋಣಿಚೀಲಗಳ ಅಟ್ಟಿ ಹಿಡಿದುಕೊಂಡು. ಸಂಸೆಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ದಾಸವಾಳದ ಬೇಲಿ. ಅದರಲ್ಲಿ ಈಗ ಒಂದು ಕಂಡಿ ಇದೆ. ಯಾರೂ ಕಡಿದು ಮಾಡಿದ್ದಲ್ಲ. ಆ ಹುಡುಗಿ ದಿನಾ ಹಾದು ಹಾದು ಗಿಡಗಳೇ ಎರಡು ಕಡೆಗೆ ವಾಲಿ ದಾರಿ ಬಿಟ್ಟಿವೆ.

ಅವಳ ಅಜ್ಜ ತಯ್ಯಬ್ ಸಾಹೇಬರು ಕಾಫಿ ವ್ಯಾಪಾರ ಮಾಡುತ್ತಿದ್ದವರು. ಸಣ್ಣ ಬೆಳೆಗಾರರ ಹತ್ತಿರ ಕಾಫಿ ಕೊಂಡು, ಮೂಟೆ ಮಾಡಿಸಿ, ಲಾರಿಯಲ್ಲಿ ಚಿಕ್ಕಮಗಳೂರಿಗೆ ಕಳಿಸುತ್ತಿದ್ದರು. ನಮ್ಮ ಯಜಮಾನರು ಗುರುವಯ್ಯ ತೀರಿಕೊಂಡ ವರ್ಷ ನಾನು ಸಾಹೇಬರ ಗೋದಾಮಿನಲ್ಲಿ ಮೂಟೆಯ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿದೆ. ನನ್ನ ಮೂರನೇ ಕ್ಲಾಸಿನ ಓದನ್ನು ಅಲ್ಲಿ ಯಾರೂ ಕೇಳಲಿಲ್ಲ, ದಬ್ಬಣ ಹಿಡಿಯಲು ಬಂದರೆ ಸಾಕಿತ್ತು. ಸಾಹೇಬರು ಹೋದ ಮೇಲೆ ಗೋದಾಮು ನಿಂತಿತು. ಅದೇ ಕಟ್ಟಡದಲ್ಲಿ ಮಗ ನಿಯಾಜ್ ಜೀಪು ರಿಪೇರಿಯ ಗ್ಯಾರೇಜು ಇಟ್ಟ. ದಬ್ಬಣವನ್ನು ನಾನು ಮನೆಗೆ ತಂದುಕೊಂಡೆ.

ಶಿಫಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಫ್ರಾಕಿನ ತುಂಬ ಗ್ರೀಸು ಮಾಡಿಕೊಂಡು ಕಂಡಿಯಲ್ಲಿ ನುಗ್ಗಿ ಬಂದು, "ಅಜ್ಜಿ, ನಾನು ಜೀಪು ಎತ್ತಿದೆ" ಎಂದಳು. ಅಪ್ಪ ಜಾಕಿನ ಹಿಡಿಕೆಯನ್ನು ಇವಳ ಕೈಗೆ ಕೊಟ್ಟು ತಿರುಗಿಸಲು ಬಿಟ್ಟಿದ್ದನಂತೆ. ಭಲೇ ಎಂದು ಬೆನ್ನು ತಟ್ಟಿದೆ. ಬೇರೆ ಮಗುವಾಗಿದ್ದರೆ ಅಷ್ಟಕ್ಕೇ ಕುಣಿದುಕೊಂಡು ಹೋಗುತ್ತಿತ್ತು. ಇದು ಹೋಗಲಿಲ್ಲ. ತನ್ನ ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಕೂತಿತು. ಆಮೇಲೆ ಕೇಳಿತು: "ನಂಗೆ ನೀರಿನ ಕೊಡ ಎತ್ತೋಕಾಗಲ್ಲ. ಮತ್ತೆ ಜೀಪು ಎತ್ತಿದ್ದು ಯಾರು?"

ಈ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ. ಅಪ್ಪನನ್ನು ಕೇಳಿದರೆ ಜಾಕು ಎತ್ತಿತು ಎಂದ. ಜಾಕಿಗೆ ಶಕ್ತಿ ಕೊಟ್ಟಿದ್ದು ಯಾರು ಎಂದು ಇವಳು ಕೇಳಿದಳು. ಶಾಲೆಯಲ್ಲಿ ಕೇಳಿದ್ದಕ್ಕೆ, ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ ಎಂದರಂತೆ. ದೊಡ್ಡವಳೂ ಆದಳು. ಹತ್ತನೇ ಕ್ಲಾಸು ಮುಗಿಸಿ, ಸೈನ್ಸು ತೆಗೆದುಕೊಂಡು, ಬಸ್ಸಿನಲ್ಲಿ ಪಿಯುಸಿಗೆ ಹೋಗಲು ಶುರು ಮಾಡಿದಳು. ಅಲ್ಲಿ ಫಿಸಿಕ್ಸಿಗೆ ಧನ್ಯಾ ಮೇಡಂ ಎಂಬವರು ಇದ್ದರು. ಕಾಲೇಜು ಶುರುವಾದ ತಿಂಗಳಲ್ಲೇ ಇವಳು ಎದ್ದು ನಿಂತು ಜಾಕಿನ ಮಾತು ಕೇಳಿದ್ದಾಳೆ. ಹುಡುಗರು ನಕ್ಕರಂತೆ. ಮೇಡಂ ನಗಲಿಲ್ಲ. ನೀನು ಹಿಡಿಕೆಯನ್ನು ಎಷ್ಟು ಸುತ್ತು ತಿರುಗಿಸಿದೆ, ಜೀಪು ಎಷ್ಟು ಮೇಲೆ ಬಂತು ಎಂದು ಕೇಳಿ, ಬೋರ್ಡಿನ ಮೇಲೆ ಬರೆದು ತೋರಿಸಿದರಂತೆ. ಆ ಸಂಜೆ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೇರ ನನ್ನ ಜಗಲಿಗೆ ಬಂದಳು.

"ಅಜ್ಜಿ, ಎತ್ತಿದ್ದು ನಾನೇ ಅಂತೆ. ಒಂದೇ ಸಲ ಎತ್ತಲಿಲ್ಲ, ಚೂರು ಚೂರಾಗಿ ಎತ್ತಿದ್ದಂತೆ."

ಫಿಸಿಕ್ಸನ್ನೇ ಓದಿ ಧನ್ಯಾ ಮೇಡಂ ಥರ ಪಾಠ ಹೇಳುವವಳಾಗಬೇಕು ಎಂದು ಅವಳಿಗೆ ಮನಸ್ಸಾದದ್ದು ಅವತ್ತು.

ಗಣಪತಿ ಹಬ್ಬದ ಹೊತ್ತಿಗೆ ಮೇಡಂ ಹೆರಿಗೆಗೆಂದು ಹೊರನಾಡಿನ ತವರುಮನೆಗೆ ಹೋದರು. ಅವರ ಜಾಗಕ್ಕೆ ಬರಬೇಕಾದವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುತ್ತಲೇ ದಸರಾ ಕಳೆಯಿತು. ಅರ್ಧವಾರ್ಷಿಕ ಪರೀಕ್ಷೆಯೂ ಬಂತು. ಫಿಸಿಕ್ಸಿನಲ್ಲಿ ಶಿಫಾ ಪಾಸಾಗಲಿಲ್ಲ.

ಆ ಸಂಜೆ ಅಪ್ಪ ಮಗಳು ಇಬ್ಬರೂ ನನ್ನ ಜಗಲಿಯಲ್ಲೇ ಕೂತರು. ಮನೆಯಲ್ಲಿ ಅವರದು ಉರ್ದು, ನನ್ನ ಎದುರು ಕನ್ನಡದಲ್ಲೇ ಆಡುತ್ತಾರೆ. ನಿಯಾಜ್ ಬೈಯುವ ಜನ ಅಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.

"ಹೇಳಿಕೊಡೋರು ಇಲ್ಲದೆ ನೀನಾದ್ರೂ ಎಂತ ಮಾಡ್ತೀಯ ಬೇಟಾ. ಜೂನಲ್ಲಿ ಕಾಮರ್ಸಿಗೆ ಸೇರ್ಕೋ. ಒಂದು ವರ್ಷ ಹೋದ್ರೆ ಹೋಗ್ಲಿ, ನಂಗೆ ಬೇಜಾರಿಲ್ಲ."

ಶಿಫಾ ನೆಲ ನೋಡುತ್ತಾ, "ಕೊಯ್ಲು ಮುಗಿಯೋ ತನಕ ಬಿಡಿ ಅಬ್ಬಾ" ಎಂದಳು. ಆಗ ತೋಟಗಳಲ್ಲಿ ಕಾಫಿ ಇನ್ನೂ ಹಣ್ಣಿಗೆ ತಿರುಗುತ್ತಿತ್ತು.

"ಆಯ್ತು. ಕೊಯ್ಲು ಮುಗಿದ ಮೇಲೆ ನಿನ್ನ ಬಾಯಿ ಕೇಳಲ್ಲ ನಾನು. ಮುಖ ನೋಡ್ತೀನಿ, ನೋಡಿ ನಾನೇ ಹೇಳ್ತೀನಿ."

ಹತ್ತಿರದ ಎಸ್ಟೇಟಿನ ಧಣಿಗಳ ಮಗ ದರ್ಶನ್ ಮಂಗಳೂರಿನಲ್ಲಿ ಕೋಚಿಂಗ್ ಮುಗಿಸಿ ಎಂಜಿನಿಯರಿಂಗ್ ಸೇರಿದ್ದ. ಜೀಪು ರಿಪೇರಿಗೆ ತಂದವನು ಶಿಫಾಳ ಸಂಗತಿ ಕೇಳಿ, ತನ್ನ ಹಳೇ ಪುಸ್ತಕಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತಂದು ಇಳಿಸಿಹೋದ. ಒಳ್ಳೆಯ ಹುಡುಗ. ಒಂದೊಂದು ಪುಸ್ತಕವೂ ಅರೆಯುವ ಕಲ್ಲಿನಷ್ಟು ದಪ್ಪ. ಎಂಟ್ರೆನ್ಸಿನದು ಬೇರೆ, ಪ್ರಶ್ನೆಗಳದ್ದೇ ಬೇರೆ, ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸಿರುವ ಗೈಡು ಬೇರೆ. ಮನೆಯಲ್ಲಿ ತಮ್ಮ ತಂಗಿ ಹರಿದುಹಾಕುತ್ತಾರೆಂದು ಶಿಫಾ ಅದನ್ನೆಲ್ಲ ನನ್ನ ಜಗಲಿಯಲ್ಲಿ ಜೋಡಿಸಿಟ್ಟಳು. ಜೋಡಿಸಿ, ದೂರ ನಿಂತು, ಹಬ್ಬದ ಅಂಗಡಿ ನೋಡುವ ಹಾಗೆ ನೋಡಿದಳು.

ಆಮೇಲಿನ ಓದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಜೆಯ ದಿನ ಬೆಳಿಗ್ಗೆ ಗೈಡು ತೆಗೆದರೆ ಕಥೆ ಓದಿದ ಹಾಗೆ ತಲೆದೂಗುತ್ತಾ ಪುಟ ಪುಟ ತಿರುಗಿಸುತ್ತಿದ್ದಳು. ಮಧ್ಯಾಹ್ನ ಎಂಟ್ರೆನ್ಸಿನ ಪುಸ್ತಕ ತೆಗೆದು, ಮುಖ ಸಣ್ಣದು ಮಾಡಿಕೊಂಡು, ಮುಚ್ಚಿ ಇನ್ನೊಂದು ಎತ್ತಿಕೊಳ್ಳುತ್ತಿದ್ದಳು. ಸಂಜೆ ಗ್ಯಾರೇಜಿನ ಮೂಲೆಯಲ್ಲಿ ಟೈರಿನ ಮೇಲೆ ಕೂತು ಮೊಬೈಲಿನಲ್ಲಿ ಯಾರೋ ಮೇಷ್ಟ್ರ ಪಾಠ ನೋಡುವುದು, ಯಾಕೆಂದರೆ ನೆಟ್‌ವರ್ಕು ಸಿಗುವುದು ಅಲ್ಲಿ ಮಾತ್ರ. ಅರ್ಥವಾಗುತ್ತದಾ ಮಗಾ ಎಂದರೆ, ಎಲ್ಲ ಅರ್ಥವಾಗುತ್ತದೆ ಎನ್ನುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಹಾಗೆಯೇ ಅನ್ನಿಸುತ್ತಿತ್ತು. ಕಾಲೇಜಿನಲ್ಲಿ ಇನ್ನೊಂದು ಸಣ್ಣ ಟೆಸ್ಟು ಇಟ್ಟರು. ಬಿಳೀ ಹಾಳೆ ಬಿಳಿಯಾಗೇ ಉಳಿಯಿತು.

"ಪುಸ್ತಕ ತೆರೆದಿದ್ದಾಗ ಎಲ್ಲಾ ನಂದೇ ಅನ್ನಿಸ್ತದೆ ಅಜ್ಜಿ. ಮುಚ್ಚಿದ್ರೆ ಎಲ್ಲ ಅದ್ರ ಹತ್ರಾನೇ ಉಳ್ಕೊಳ್ತದೆ" ಎಂದು ನನ್ನ ಮಡಿಲಲ್ಲಿ ತಲೆಯಿಟ್ಟಳು. ಅವಳ ಅಮ್ಮ ಶೈಮಾ ಬೇಲಿಯ ಆಚೆ ನಿಂತು ನೋಡಿ ಒಳಗೆ ಹೋದಳು.

ನನಗೆ ತೋಚಿದ್ದು ಒಂದೇ. ಹೊರನಾಡಿಗೆ ಹೋಗಿ ಮೇಡಮ್ಮನ್ನೇ ಕೇಳುವುದು. ಹೇಗೂ ಬಾಣಂತಿಯನ್ನು ನೋಡಿ ಬರಬೇಕಿತ್ತು. ಯಾವ ಪುಸ್ತಕ ಎಂದು ಬಾಯಲ್ಲಿ ಹೇಳಲು ಬರುವುದಿಲ್ಲವೆಂದು ಶಿಫಾ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದಳು. ಕಳಸದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಚೀಲವನ್ನು ಕಾಲಲ್ಲಿ ಮೆಲ್ಲಗೆ ಒತ್ತಿ ನೋಡಿದ.

"ಕಾಫಿಗೆ ಲಗೇಜು ಆಗ್ತದೆ ಅಜ್ಜಿ."

"ಕಾಫಿ ಅಲ್ಲ ಮಾರಾಯ, ಫಿಸಿಕ್ಸು."

"ಹಾಗಾದ್ರೆ ಅನ್ನಪೂರ್ಣೆ ಹತ್ರ ಹರಕೆಗೆ ಹೊರಟಿದ್ದೀರಿ ಅನ್ನಿ" ಎಂದು ನಕ್ಕು, ಚೀಲವನ್ನು ತಾನೇ ಡ್ರೈವರನ ಹಿಂದೆ ಒರಗಿಸಿಟ್ಟ.

ಮೇಡಂ ತಲೆಗೆ ಬಟ್ಟೆ ಕಟ್ಟಿಕೊಂಡು ಸಾಂಬ್ರಾಣಿಯ ಹೊಗೆಯಲ್ಲಿ ಕೂತಿದ್ದರು. ಕೂಸು ಇನ್ನೂ ಎಳೆಯದು. ಗೋಣಿಚೀಲ ಕಂಡು ಅವರಿಗೆ ನಗು ತಡೆಯಲಾಗಲಿಲ್ಲ. ಆದರೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅವರು ಹೇಳಲೇ ಇಲ್ಲ. ಒಂದೊಂದು ಪುಸ್ತಕದಲ್ಲೂ ಒಂದೇ ಪಾಠ ತೆರೆಸಿ, "ಇಲ್ಲಿಂದ ನಾಲ್ಕು ಲೆಕ್ಕ ಮಾಡು, ಮಗುಗೆ ಹಾಲು ಕೊಟ್ಟು ಬರ್ತೀನಿ" ಎಂದು ಒಳಗೆ ಹೋದರು. ಹೀಗೆ ಮಧ್ಯಾಹ್ನದ ತನಕ ನಡೆಯಿತು. ಆಮೇಲೆ ಅವಳ ಬರಹವನ್ನೆಲ್ಲ ನೋಡಿ ಹೇಳಿದರು.

"ಎಲ್ಲ ಲೆಕ್ಕಾನೂ ಬಂದ್ರೆ ಆ ಪುಸ್ತಕ ನಿಂಗೆ ಬೇಡ ಶಿಫಾ. ಒಂದೂ ಬರದಿದ್ರೂ ಈಗ ಬೇಡ. ಅರ್ಧ ದಾರಿ ಹೋಗಿ ಎಲ್ಲಿ ಸಿಕ್ಕಿ ಹಾಕ್ಕೊಳ್ತೀಯೋ, ಅದು ನಿನ್ನ ಪುಸ್ತಕ."

ಎಂಟ್ರೆನ್ಸಿನ ಪುಸ್ತಕಗಳನ್ನು ಕಟ್ಟಿಡು, ಮುಂದಿನ ವರ್ಷ ಅವೇ ನಿನ್ನನ್ನು ಕರೆಯುತ್ತವೆ ಎಂದರು. ಹಳೇ ಪ್ರಶ್ನೆಪತ್ರಿಕೆಗಳು ಪರೀಕ್ಷೆ ಹತ್ತಿರ ಬಂದಾಗ, ಗಡಿಯಾರ ಇಟ್ಟುಕೊಂಡು ಮಾಡುವುದಕ್ಕೆ. ಗೈಡನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು, ಇದು ಲೆಕ್ಕವನ್ನು ಅಗಿದು ಬಾಯಿಗಿಡುತ್ತದೆ, ನಿನ್ನ ಹಲ್ಲಿಗೆ ಕೆಲಸ ಇಲ್ಲ ಎಂದು ಪಕ್ಕಕ್ಕಿಟ್ಟರು. ಮೊದಲು ಕಾಲೇಜಿನ ಪಠ್ಯಪುಸ್ತಕದ ಪಾಠ, ಅದರ ಹಿಂದಿನ ಅಭ್ಯಾಸ. ಆಮೇಲೆ ಲೆಕ್ಕದ್ದು ಒಂದೇ ಒಂದು ಪುಸ್ತಕ. ಆ ಒಂದು, ನಾವು ಹೊತ್ತು ತಂದ ಚೀಲದಲ್ಲಿ ಇರಲಿಲ್ಲ. ಮೇಡಂ ತಮ್ಮ ತಾಯಿಯಿಂದ ಅಟ್ಟದ ಟ್ರಂಕು ಇಳಿಸಿ ತೆಗೆಸಿದರು. ಅವರು ಪಿಯುಸಿ ಓದುವಾಗಿನದು, ತೆಳ್ಳಗಿನದು, ಬೆನ್ನು ಕಿತ್ತುಹೋಗಿದ್ದು. ಅದರಲ್ಲಿ ಲೆಕ್ಕ ಮಾಡುವ ದಾರಿ ಕೊಟ್ಟಿಲ್ಲ. ಬರೀ ಉತ್ತರ ಮಾತ್ರ, ಅದೂ ಪುಸ್ತಕದ ಕೊನೆಯಲ್ಲಿ.

ಬರುವಾಗ ಬಸ್ಸಿನಲ್ಲಿ ಆ ಪುಸ್ತಕ ಶಿಫಾಳ ಮಡಿಲಲ್ಲಿತ್ತು, ಚೀಲ ನನ್ನ ಕಾಲಡಿ.

ಒಂದೇ ಪುಸ್ತಕವಾದ ಮೇಲೆ ಹುಡುಗಿಯ ಅಲೆದಾಟ ನಿಂತಿತು. ಆದರೆ ಕಣ್ಣಿನ ಅಲೆದಾಟ ನಿಲ್ಲಲಿಲ್ಲ. ಎರಡು ಸಾಲು ಬರೆಯುವುದು, ಪುಸ್ತಕದ ಕೊನೆಗೆ ಹೋಗಿ ಉತ್ತರ ನೋಡುವುದು, ಅದಕ್ಕೆ ಸರಿಯಾಗಿ ತನ್ನದನ್ನು ತಿರುಚುವುದು. ಅವಳಿಗೇ ತನ್ನ ಮೇಲೆ ಸಿಟ್ಟು ಬಂತು. "ಬೇಡ ಅಂದ್ರೂ ಬೆರಳು ಹಿಂದಕ್ಕೆ ಹೋಗ್ತದೆ ಅಜ್ಜಿ. ಇದನ್ನ ಎಂತ ಮಾಡೂದು?"

"ಹೊಲಿದುಬಿಡ್ಲಾ?" ಎಂದೆ. ತಮಾಷೆಗೇ ಅಂದದ್ದು.

ಅವಳು ತಲೆಯೆತ್ತಿ ನೋಡಿದಳು. ನೋಡಿ, ಪುಸ್ತಕವನ್ನು ನನ್ನ ಮುಂದೆ ಇಟ್ಟಳು.

ದಬ್ಬಣ ತೆಗೆದೆ. ಗೋಣಿಯ ಹುರಿ ಕಾಗದಕ್ಕೆ ಹೆಚ್ಚಾಗುತ್ತದೆಂದು ದಪ್ಪ ನೂಲು ಪೋಣಿಸಿದೆ. ಯಾವ ಪಾಠದ ಉತ್ತರ ಎಲ್ಲಿಂದ ಎಲ್ಲಿಗೆ ಎಂದು ಅವಳು ಮುಖ ಆಚೆ ತಿರುಗಿಸಿಕೊಂಡೇ ಬೆರಳಿಟ್ಟು ತೋರಿಸಿದಳು. ಪಾಠಕ್ಕೊಂದು ಕಟ್ಟಾಗಿ, ನಡುವೆ ರಟ್ಟಿನ ಚೂರು ಇಟ್ಟು, ಮೂಟೆಯ ಬಾಯಿ ಹೊಲಿದ ಹಾಗೇ ಹೊಲಿದೆ. ಕೊನೆಯ ಎಳೆ ಎಳೆದರೆ ಸಾಲಾಗಿ ಬಿಚ್ಚಿಕೊಳ್ಳುವ ಹೊಲಿಗೆ. ಮೂಲೆಯಲ್ಲಿ ನನ್ನದೇ ಗಂಟು. ಸಾಹೇಬರ ಗೋದಾಮಿನಲ್ಲಿ ಒಂದು ಕಟ್ಟಳೆಯಿತ್ತು: ಹೊಲಿದ ಮೂಟೆಯನ್ನು ಒಬ್ಬರೇ ಬಿಚ್ಚಬಾರದು, ಕೊಟ್ಟವರೂ ಕೊಂಡವರೂ ಎದುರುಬದುರು ಕೂತಾಗಲೇ ಬಿಚ್ಚಬೇಕು. ಅದನ್ನೇ ಇಟ್ಟುಕೊಂಡೆವು. ಪಾಠದ ಲೆಕ್ಕವೆಲ್ಲ ಮುಗಿದ ಮೇಲೆ ಅವಳು ಬರೆದದ್ದು ತೊಡೆಯ ಮೇಲೆ, ನಾನು ಎದುರಿಗೆ, ಆಮೇಲೆ ಎಳೆ ಎಳೆಯುವುದು.

ಎಲ್ಲಾ ಹೊಲಿದಾದ ಮೇಲೆ ನಿಯಾಜ್ ಮಗಳನ್ನು ಊಟಕ್ಕೆ ಕರೆಯಲು ಬಂದ. ಪುಸ್ತಕ ಎತ್ತಿ ನೋಡಿ ಅಲ್ಲೇ ನಿಂತ.

"ಇದು ಮೇಡಮ್ಮಿಂದಲ್ವಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎರವಲು ತಂದದ್ದು ಎಂಬುದು ಅಲ್ಲಿಯ ತನಕ ಇಬ್ಬರ ತಲೆಗೂ ಹೊಳೆದಿರಲಿಲ್ಲ.

"ಚೆನ್ನಾಗಿದೆ. ಬೇರೆಯವರ ಜೀಪು ರಿಪೇರಿಗೆ ಬಂದ್ರೆ ನಾನು ಒಂದು ಸ್ಕ್ರಾಚ್ ಆಗದ ಹಾಗೆ ನೋಡ್ಕೊಳ್ತೀನಿ. ನೀವು ಮೇಡಮ್ಮಿನ ಪುಸ್ತಕಕ್ಕೆ ದಬ್ಬಣ ಚುಚ್ಚಿದ್ದೀರಿ" ಎಂದು ತಲೆ ಚಚ್ಚಿಕೊಂಡು ಹೋದ. ದೂರದಿಂದ ಅವನ ನಗು ಕೇಳಿತು.

ಆದರೆ ಹೊಲಿಗೆ ಕೆಲಸ ಮಾಡಿತು. ಮೊದಮೊದಲು ರಜೆಯ ದಿನ ಹುಡುಗಿ ಒಂದು ಲೆಕ್ಕಕ್ಕೆ ಇಡೀ ಮಧ್ಯಾಹ್ನ ಕೂರುತ್ತಿದ್ದಳು. ಎದ್ದು ಅಂಗಳ ಸುತ್ತಿ ಬರುವಳು, ನನ್ನ ಮೆಣಸಿನ ಗಿಡಕ್ಕೆ ನೀರು ಹಾಕುವಳು, ಮತ್ತೆ ಕೂರುವಳು. ಉತ್ತರ ಕೈಗೆ ಸಿಗುವುದಿಲ್ಲವೆಂದಾದ ಮೇಲೆ ಅವಳಿಗೆ ಲೆಕ್ಕದ ಮುಖ ನೋಡುವುದು ಅಭ್ಯಾಸವಾಯಿತು. ಮೊದಲ ಪಾಠ ಬಿಚ್ಚಿದಾಗ ಸರಿಯಾದದ್ದಕ್ಕಿಂತ ತಪ್ಪೇ ಹೆಚ್ಚು. ಮುಂದಿನದರಲ್ಲಿ ಅರ್ಧಕ್ಕರ್ಧ. ತೋಟಗಳಲ್ಲಿ ಕೊಯ್ಲು ಜೋರಾಗಿತ್ತು, ಕಣಗಳ ತುಂಬ ಕಾಫಿ ಒಣಗುತ್ತಿತ್ತು, ಬೆಳಗಿನ ಮಂಜು ಹರಿಯುವ ಮೊದಲೇ ಇವಳು ಕಂಡಿ ದಾಟಿ ಬಂದು ಕೂರುತ್ತಿದ್ದಳು.

ಕೊಯ್ಲು ಮುಗಿಯುತ್ತಾ ಬಂದಾಗ ಒಂದು ಪಾಠ ಬಿಚ್ಚಿದೆವು. ಅವಳದೆಲ್ಲ ಸರಿಯಾಗಿ ಹೊಂದುತ್ತಾ ಹೋಯಿತು. ಒಂದು ಮಾತ್ರ ಹೊಂದಲಿಲ್ಲ. ಲೆಕ್ಕ ನನಗೂ ಅರ್ಥವಾಗುವಂಥದ್ದೇ: ಓರೆಯಾಗಿ ಇಟ್ಟ ಒರಟು ಹಲಗೆ, ಮೇಲಿನ ತುದಿಯಿಂದ ಒಂದು ಪೆಟ್ಟಿಗೆ ಜಾರುತ್ತದೆ, ಕೆಳಗೆ ಮುಟ್ಟುವಾಗ ಅದರ ವೇಗ ಎಷ್ಟು. ಶಿಫಾಗೆ ಬಂದದ್ದು ನಾಲ್ಕು. ಪುಸ್ತಕದಲ್ಲಿ ಹೆಚ್ಚೂಕಡಿಮೆ ಏಳು. ಮತ್ತೆ ಮಾಡಿದಳು, ನಾಲ್ಕೇ. ಮಾರನೇ ದಿನ ಹೊಸ ಹಾಳೆಯಲ್ಲಿ ಮಾಡಿದಳು, ನಾಲ್ಕೇ. ಅವಳ ಮುಖ ಟೆಸ್ಟಿನ ದಿನದ ಹಾಗೆ ಆಯಿತು.

"ಅಬ್ಬಾ ಹೇಳಿದ್ದೇ ಸರಿ. ಇಷ್ಟು ಸುಲಭದ್ದೂ ಬರದಿದ್ರೆ ನಂಗೆ ಕಾಮರ್ಸೇ ಸರಿ" ಎಂದು ಪುಸ್ತಕ ಮುಚ್ಚಿದಳು.

ಲೆಕ್ಕದಲ್ಲಿ ನಾನು ಏನು ಹೇಳಲಿ? ಅವಳ ಅಜ್ಜನ ಮಾತು ಹೇಳಿದೆ. ಬೆಳೆಗಾರರ ಮನೆಯ ತಕ್ಕಡಿಗೂ ಗೋದಾಮಿನ ತಕ್ಕಡಿಗೂ ತೂಕ ಬೇರೆ ಬೇರೆ ಬಂದರೆ ಸಾಹೇಬರು ಜಗಳ ಆಡುತ್ತಿರಲಿಲ್ಲ. ನಿಮ್ಮದೇ ಸರಿ ಎಂದು ಬಿಟ್ಟುಕೊಡುತ್ತಲೂ ಇರಲಿಲ್ಲ. ಮೂಟೆಯನ್ನು ಇಬ್ಬರಿಗೂ ಸೇರದ ಇನ್ನೊಬ್ಬರ ತಕ್ಕಡಿಗೆ ಹೊರಿಸುತ್ತಿದ್ದರು. ಆ ಮೂರನೇ ತಕ್ಕಡಿ ಏನು ಹೇಳುತ್ತದೋ ಅದು ಇಬ್ಬರಿಗೂ ಒಪ್ಪಿಗೆ.

ಶಿಫಾ ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆದಳು. ಪೆನ್ನು ಎತ್ತಿಕೊಂಡಳು. "ಇದಕ್ಕೆ ಇನ್ನೊಂದು ದಾರಿ ಇದೆ ಅಜ್ಜಿ. ಇಷ್ಟು ಹೊತ್ತು ಪೆಟ್ಟಿಗೇನ ಯಾರು ಎಳೀತಾರೆ, ಯಾರು ತಡೀತಾರೆ ಅಂತ ನೋಡಿದೆ. ಈಗ ಮೇಲಿದ್ದಾಗ ಅದ್ರಲ್ಲಿ ಇದ್ದ ಶಕ್ತಿ ಎಷ್ಟು, ಉಜ್ಜಿ ಉಜ್ಜಿ ದಾರಿಯಲ್ಲಿ ಹೋಗಿದ್ದೆಷ್ಟು, ಉಳಿದಿದ್ದೆಷ್ಟು ಅಂತ ನೋಡ್ತೀನಿ." ಬರೆದಳು. ಆ ದಾರಿಯಲ್ಲೂ ನಾಲ್ಕೇ ಬಂತು. ಆಮೇಲೆ ಏನೋ ಹೊಳೆದವಳ ಹಾಗೆ, ಉಜ್ಜುವುದನ್ನು ಬಿಟ್ಟು ಒಮ್ಮೆ ಮಾಡಿದಳು. ಪುಸ್ತಕದ ಏಳು ಬಂದೇಬಿಟ್ಟಿತು.

ಖುಷಿಪಡಬೇಕಾದ ಹುಡುಗಿ ಹೆದರಿದಳು. ಅಚ್ಚಾದ ಪುಸ್ತಕ ತಪ್ಪು, ಫೇಲಾದ ಶಿಫಾ ಸರಿ ಎಂದು ಹೇಗೆ ಹೇಳುವುದು ಎಂದಳು. ಹಾಗಾದರೆ ಪುಸ್ತಕದ ಧಣಿಯನ್ನೇ ಕೇಳೋಣ ಎಂದೆ. ಹಲಗೆ ಲೆಕ್ಕ ಕೇಳಿ ಬರುತ್ತೇವೆಂದು ನಿಯಾಜನಿಗೆ ಹೇಳಿ, ಮರುದಿನ ಮತ್ತೆ ಹೊರನಾಡಿನ ಬಸ್ಸು ಹತ್ತಿದೆವು. ಇಬ್ಬರಿಗೂ ದಬ್ಬಣದ ತೂತುಗಳದ್ದೂ ಒಂದು ಅಳುಕು. ಶಿಫಾ ದಾರಿಯುದ್ದಕ್ಕೂ ತನ್ನ ಲೆಕ್ಕದ ಹಾಳೆಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದಳು. ಮೇಡಂ "ನಿಂದೇ ತಪ್ಪು" ಎಂದುಬಿಟ್ಟರೆ ಅವಳು ಫಿಸಿಕ್ಸನ್ನು ಅವರ ಮನೆಯಲ್ಲೇ ಬಿಟ್ಟು ಬರುತ್ತಾಳೆಂದು ನನಗೆ ಗೊತ್ತಿತ್ತು.

ಕೂಸು ಕವುಚಿ ಬೀಳಲು ಕಲಿತಿತ್ತು. ಮೇಡಂ ಅದನ್ನು ಚಾಪೆಯ ಮೇಲೆ ಬಿಟ್ಟು, ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಲೆಕ್ಕಕ್ಕೆ ಕೂತರು. ಶಿಫಾ ಬರೆದದ್ದನ್ನು ಮೊದಲು ನೋಡಲಿಲ್ಲ. ತಾವೇ ಮಾಡಿದರು. ಪೆನ್ನು ನಿಂತಿತು. ಪುಸ್ತಕದ ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಶಿಫಾಳ ಹಾಳೆಯನ್ನು ಎಳೆದುಕೊಂಡು ಮೇಲಿಂದ ಕೆಳಗೆ ನೋಡಿದರು.

"ನಾಲ್ಕು" ಎಂದರು.

ಶಿಫಾ ಹಾಳೆಯ ಮೇಲೆ ಬಗ್ಗಿದಳು.

"ಹಳೇ ಅಚ್ಚಿನಲ್ಲಿ ಹಲಗೆ ನುಣ್ಣಗಿತ್ತೇನೋ. ಪ್ರಶ್ನೆ ತಿದ್ದಿ, ಉತ್ತರ ತಿದ್ದೋದು ಮರೆತಿದ್ದಾರೆ. ನಿನ್ನ ವಯಸ್ಸಲ್ಲಿ ನಾನೂ ಈ ಲೆಕ್ಕ ಮಾಡಿದ್ದೆ ಶಿಫಾ. ಹಿಂದೆ ನೋಡಿ, ಏನೇನೋ ಮಾಡಿ ಏಳು ಬರಿಸಿದ್ದೆ. ನೀನು ಬರಿಸಲಿಲ್ಲ." ಹೀಗೆಂದು ತಮ್ಮ ಪೆನ್ನನ್ನು ಅವಳ ಕೈಗಿಟ್ಟರು. "ನೀನೇ ತಿದ್ದು."

ಶಿಫಾ ಮೇಡಂ ಪುಸ್ತಕದಲ್ಲಿ ಏಳಕ್ಕೆ ಗೆರೆ ಎಳೆದು ಪಕ್ಕದಲ್ಲಿ ನಾಲ್ಕು ಬರೆದಳು. ನಾಲ್ಕು ಸೊಟ್ಟಗಾಯಿತು.

ಪುಸ್ತಕ ಮುಚ್ಚುವಾಗ ಮೇಡಮ್ಮಿನ ಬೆರಳು ಅಂಚಿನಲ್ಲಿ ನಿಂತಿತು. "ಇದೇನಿದು, ಗೆದ್ದಲಾ?"

ನಾನು ಹೇಳಿದೆ. ಗೋಣಿಯ ಕಥೆ, ಎದುರುಬದುರು ಕೂತು ಬಿಚ್ಚುವ ಕಟ್ಟಳೆ, ಎಲ್ಲಾ. ಮೇಡಂ ಇನ್ನೂ ಹೊಲಿಗೆಯಲ್ಲೇ ಇದ್ದ ಹಾಳೆಗಳನ್ನು ಮುಟ್ಟಿ ನೋಡಿದರು, ಮೂಲೆಯ ಗಂಟನ್ನು ನೋಡಿದರು. ನಕ್ಕ ನಗೆಗೆ ಕೂಸು ಬೆಚ್ಚಿ ಅಳಲು ಶುರು ಮಾಡಿತು. ಅದನ್ನು ಎತ್ತಿಕೊಂಡು ತಟ್ಟುತ್ತಾ, "ಉಳಿದ ಪಾಠಾನ ಹಾಗೇ ಇಟ್ಕೊಳ್ಳಿ ತುಂಗಮ್ಮ. ಅವಳು ಮುಗಿಸದೆ ಬಿಚ್ಚಬೇಡಿ" ಎಂದರು.

ಸಂಸೆಯಲ್ಲಿ ಬಸ್ಸಿಳಿದಾಗ ಬಿಸಿಲು ಇನ್ನೂ ಇತ್ತು. ಗ್ಯಾರೇಜಿನಲ್ಲಿ ಒಂದು ಜೀಪಿನ ಅಡಿಯಿಂದ ನಿಯಾಜನ ಕಾಲು ಮಾತ್ರ ಕಾಣುತ್ತಿತ್ತು. ನಮ್ಮ ಚಪ್ಪಲಿಯ ಸದ್ದಿಗೆ ಜಾರಿಕೊಂಡು ಹೊರಗೆ ಬಂದ. ಎದ್ದು, ಕೈಯನ್ನು ಬಟ್ಟೆಗೆ ಒರಸಿಕೊಳ್ಳುತ್ತಾ ಮಗಳ ಮುಖವನ್ನು ನೋಡಿದ. ಅವಳು ಬಾಯಿ ತೆರೆಯಲು ಹೋದಳು. ಅವನು ಕೈ ಅಡ್ಡ ಮಾಡಿದ. ಇನ್ನೂ ಸ್ವಲ್ಪ ನೋಡಿದ.

"ಕಾಮರ್ಸ್ ಬೇಡ" ಎಂದ. ಆಮೇಲೆ, "ಅದೇನು ಹಲಗೆ ಲೆಕ್ಕ ಅಂತ ನಂಗೂ ಹೇಳು, ಕೇಳೋಣ."

ಸಾಹೇಬರ ಕಾಲದಲ್ಲಿ ಲಾರಿಗೂ ಗೋದಾಮಿಗೂ ನಡುವೆ ಹಲಗೆ ಇಡುತ್ತಿದ್ದುದು ಅದೇ ಬಾಗಿಲಲ್ಲಿ. ಶಿಫಾ ಟೈರಿಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ನೆಲದ ಮೇಲೆ ಒಂದು ಓರೆ ಗೆರೆ ಎಳೆದಳು. ನಿಯಾಜ್ ಕುಕ್ಕುರುಗಾಲಿನಲ್ಲಿ ಕೂತ. ನಾನು ಅವಳ ಟೈರಿನ ಮೇಲೆ ಕೂತೆ.

"ನೋಡಿ ಅಬ್ಬಾ, ಇದು ಹಲಗೆ" ಎಂದು ಅವಳು ಶುರು ಮಾಡಿದಳು. "ಒರಟು ಹಲಗೆ. ಅದನ್ನ ಮರೀಬಾರ್ದು."